ಎದೆಯೆತ್ತರ ಬೆಳೆದ ಮಕ್ಕಳು: ಕಾಲೇಜಿಗೆ ಕಳುಹಿಸುವ ತಂದೆತಾಯಂದಿರಿಗೆ



ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಸಿ.ಇ.ಟಿ. ಸೀಟು ಹಂಚಿಕೆ ಮುಗಿದು, ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಮಂಗಳೂರಿಗೋ ಹೊರಡುವ ಕಾಲದಲ್ಲಿ ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಲ್ಲಿ ಒಂದೇ ಬಗೆಯ ಓಡಾಟ ಕಾಣುತ್ತದೆ. ಹಾಸಿಗೆ, ಬಕೆಟ್ಟು, ಉಪ್ಪಿನಕಾಯಿ ಬಾಟಲಿ, ಚಟ್ನಿಪುಡಿ, ಅಜ್ಜಿ ಕೊಟ್ಟ ಜಪಸರ, ಎಲ್ಲವೂ ಸಿದ್ಧವಾಗುತ್ತವೆ. ಭಾನುವಾರದ ಪೂಜೆ ಮುಗಿದ ಮೇಲೆ ಸ್ವಾಮಿಗಳು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಬಸ್ಸು ಹೊರಡುವಾಗ ತಾಯಿಯ ಕಣ್ಣು ತುಂಬುತ್ತದೆ. "ಚೆನ್ನಾಗಿ ಓದು, ನಮ್ಮ ಹೆಸರು ಉಳಿಸು" ಎಂದು ಹೇಳಿ ತಂದೆ ಮುಖ ಆಚೆ ತಿರುಗಿಸುತ್ತಾರೆ.

ಈ ಮಾತಿನಲ್ಲಿ ಪ್ರೀತಿಯೇ ಇದೆ, ತಪ್ಪಿಲ್ಲ. ಆದರೆ ಬಸ್ಸಿನಲ್ಲಿ ಕುಳಿತ ಮಗು ಅದನ್ನು ಹೇಗೆ ಕೇಳಿಸಿಕೊಂಡಿತು ಎಂದು ಯೋಚಿಸಿದ್ದೀರಾ? "ನಾನು ಸೋತರೆ ಅಪ್ಪ ಅಮ್ಮನ ಮರ್ಯಾದೆ ಹೋಗುತ್ತದೆ" ಎಂದು ಅದರ ಮನಸ್ಸಿನಲ್ಲಿ ಕುಳಿತುಬಿಟ್ಟರೆ, ಮುಂದೆ ಸೋಲು ಬಂದ ದಿನ ಆ ಮಗು ಮೊದಲು ಮುಚ್ಚಿಡುವುದು ನಿಮ್ಮಿಂದಲೇ. ಆದ್ದರಿಂದ ಮಕ್ಕಳಿಗೆ ಕಟ್ಟಿಕೊಡಬೇಕಾದ ಬುತ್ತಿಗಳಲ್ಲಿ ಮುಖ್ಯವಾದ ಒಂದನ್ನು ಕುರಿತು ಇಲ್ಲಿ ಚಿಂತಿಸೋಣ. ಕೆಟ್ಟ ಸುದ್ದಿಯನ್ನೂ ಮನೆಗೆ ತರಬಹುದು ಎಂಬ ಧೈರ್ಯವೇ ಆ ಬುತ್ತಿ.

ತೊಬೀತನ ಮನೆಯ ಪಾಠ

ನಮ್ಮ ಕಥೋಲಿಕ ಬೈಬಲಿನಲ್ಲಿ ತೊಬೀತನ ಗ್ರಂಥವೆಂಬ ಚಿಕ್ಕ ಪುಸ್ತಕವಿದೆ. ಮಗನನ್ನು ದೂರದೂರಿಗೆ ಕಳುಹಿಸುವ ತಂದೆತಾಯಿಯ ಮನಸ್ಸನ್ನು ಇಷ್ಟು ಹತ್ತಿರದಿಂದ ತೋರಿಸುವ ಪುಸ್ತಕಗಳು ಕಡಿಮೆ. ನಿನೆವೆಯಲ್ಲಿ ಸೆರೆಯಾಳುಗಳ ನಡುವೆ ಬಾಳುತ್ತಿದ್ದ ತೊಬೀತನಿಗೆ ಕಣ್ಣು ಹೋಗಿರುತ್ತದೆ, ಮನೆಯಲ್ಲಿ ಬಡತನವಿರುತ್ತದೆ. ಹಿಂದೊಮ್ಮೆ ಮೇದ್ಯ ದೇಶದಲ್ಲಿ ಒಬ್ಬರ ಬಳಿ ಇರಿಸಿದ್ದ ಬೆಳ್ಳಿಯನ್ನು ತರಲು ಅವನು ತನ್ನ ಒಬ್ಬನೇ ಮಗ ತೊಬಿಯಾಸನನ್ನು ಕಳುಹಿಸುತ್ತಾನೆ.

ಆ ತಂದೆ ಮಾಡುವ ಕೆಲಸಗಳನ್ನು ಗಮನಿಸಿರಿ. ಮೊದಲು ಮಗನನ್ನು ಹತ್ತಿರ ಕರೆದು ಬುದ್ಧಿಮಾತು ಹೇಳುತ್ತಾನೆ: ತಾಯಿಯನ್ನು ಗೌರವಿಸು, ದಾನಮಾಡು, ಕೂಲಿಯವನ ಕೂಲಿಯನ್ನು ತಡೆಹಿಡಿಯಬೇಡ, ದೇವರನ್ನು ಮರೆಯಬೇಡ. ಒಂದು ಸಲ, ಮನಸ್ಸು ಬಿಚ್ಚಿ ಹೇಳುತ್ತಾನೆ. ಅನಂತರ, ದಾರಿ ಬಲ್ಲ ನಂಬಿಗಸ್ತನೊಬ್ಬನನ್ನು ಜೊತೆಗೆ ಹುಡುಕಿಕೋ ಎನ್ನುತ್ತಾನೆ. ಹಾಗೆ ಸಿಕ್ಕಿದವನು ದೇವದೂತ ರಫಾಯೇಲ. ಅವನು ದೇವದೂತನೆಂದು ಯಾರಿಗೂ ಆಗ ತಿಳಿದಿರಲಿಲ್ಲ. ಇನ್ನು ತಾಯಿ ಅನ್ನಳು ಅಳುತ್ತಾಳೆ. ಮಗನಿಗಿಂತ ಹಣ ಹೆಚ್ಚಾಯಿತೇ ಎಂದು ಗಂಡನನ್ನು ಕೇಳಿಯೇಬಿಡುತ್ತಾಳೆ. ಮಗ ಹೇಳಿದ ದಿನಕ್ಕೆ ಬಾರದಿದ್ದಾಗ ಅವಳು ದಿನವೂ ಹೊರಗೆ ಬಂದು ಅವನು ಹೋದ ದಾರಿಯನ್ನೇ ನೋಡುತ್ತಿರುತ್ತಾಳೆ.

ಒಂದು ಸಲ ಬುದ್ಧಿಮಾತು, ದಾರಿಗೊಬ್ಬ ಜೊತೆಗಾರ, ಮನೆಯಲ್ಲಿ ಕಾಯುವ ಕಣ್ಣು. ತಂದೆತಾಯಿಯ ಪಾಲಿನ ಕೆಲಸಗಳು ಇವು. ದಾರಿ ನಡೆಯಬೇಕಾದವನು ಮಗನೇ. ಅವನ ಜೊತೆ ಮೇದ್ಯದವರೆಗೂ ಹೋಗಿ ಹೆಜ್ಜೆಹೆಜ್ಜೆಗೂ ತಿದ್ದಬೇಕೆಂದು ತೊಬೀತನು ಹಟ ಹಿಡಿಯಲಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ಏನಾಗುತ್ತದೆ?

ಊರಿನ ಶಾಲೆಯಲ್ಲಿ ನಿಮ್ಮ ಮಗಳು ತರಗತಿಗೇ ಮೊದಲಿಗಳಾಗಿರಬಹುದು. ಹೊಸ ಕಾಲೇಜಿನಲ್ಲಿ ಅಕ್ಕಪಕ್ಕ ಕುಳಿತವರೆಲ್ಲರೂ ತಮ್ಮ ತಮ್ಮ ಊರಿನಲ್ಲಿ ಮೊದಲಿಗರೇ. ಅವರ ನಡುವೆ ಅವಳು ಮೊದಲ ಸಲ ನಡುವಿನ ಸ್ಥಾನಕ್ಕೋ ಕೊನೆಯ ಸ್ಥಾನಕ್ಕೋ ಇಳಿಯುತ್ತಾಳೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳಾದರೆ ಉಪನ್ಯಾಸಕರ ಇಂಗ್ಲಿಷ್ ಮಾತು ಕಿವಿಗೆ ಬಿದ್ದು ಮನಸ್ಸಿಗೆ ಇಳಿಯುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ವಿಷಯ ಗೊತ್ತಿದ್ದರೂ ಎದ್ದುನಿಂತು ಕೇಳಲು ನಾಲಿಗೆ ಏಳುವುದಿಲ್ಲ. ಇದನ್ನು ದಡ್ಡತನವೆಂದು ಮಗು ತಿಳಿಯುತ್ತದೆ. ಇದು ಭಾಷೆಯ ತೊಡಕು, ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ ಎಂದು ನೀವು ಮೊದಲೇ ಹೇಳಿ ಕಳುಹಿಸಿರಿ.

ಓದಿನ ಕ್ರಮವೂ ಬೇರೆ. ಪಿಯುಸಿಯಲ್ಲಿ ವರ್ಷದ ಕೊನೆಯ ಪರೀಕ್ಷೆಗಾಗಿ ತಯಾರಾದ ಮಗುವಿಗೆ ಇಲ್ಲಿ ಸೆಮಿಸ್ಟರ್ ಎದುರಾಗುತ್ತದೆ. ನಡುನಡುವೆ ಇಂಟರ್ನಲ್ ಪರೀಕ್ಷೆ, ಅಸೈನ್‌ಮೆಂಟ್, ಪ್ರಯೋಗಾಲಯದ ರೆಕಾರ್ಡು ಪುಸ್ತಕ, ಹಾಜರಾತಿಯ ಲೆಕ್ಕ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೇ ಕೂರಿಸದಿರುವ ನಿಯಮವಿದೆ. ಒಂದು ವಿಷಯದಲ್ಲಿ ಫೇಲಾದರೆ ವರ್ಷವೆಲ್ಲ ಹಾಳಾಯಿತೆಂದು ಅರ್ಥವಲ್ಲ. ಅದನ್ನು ಮತ್ತೆ ಬರೆದು ಮುಗಿಸಬಹುದು. ಎಷ್ಟು ವಿಷಯ ಬಾಕಿ ಇಟ್ಟುಕೊಂಡು ಮುಂದಿನ ವರ್ಷಕ್ಕೆ ಹೋಗಬಹುದೆಂಬುದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಬಗೆ. ಪ್ರವೇಶದ ದಿನವೇ ಇದನ್ನು ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳಿರಿ. ನಿಯಮ ತಿಳಿದ ತಂದೆ ಗಾಬರಿಯಾಗುವುದಿಲ್ಲ; ತಂದೆ ಗಾಬರಿಯಾಗದಿದ್ದರೆ ಮಗು ನಿಜ ಹೇಳುತ್ತದೆ.

ಫೋನಿನಲ್ಲಿ ಏನು ಕೇಳಬೇಕು?

ಈಗ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಬೇಕೆಂದರೆ ಮಗ ಈ ಗಳಿಗೆಯಲ್ಲಿ ಯಾವ ಬೀದಿಯಲ್ಲಿದ್ದಾನೆ ಎಂದೂ ಮನೆಯಲ್ಲೇ ಕುಳಿತು ನೋಡಬಹುದು. ಕುಟುಂಬವನ್ನು ಕುರಿತು 2016ರಲ್ಲಿ ಹೊರಡಿಸಿದ 'ಅಮೋರಿಸ್ ಲೆತಿತ್ಸಿಯ' ಎಂಬ ಪ್ರೇಷಿತ ಪ್ರಬೋಧನೆಯಲ್ಲಿ ಪೋಪ್ ಫ್ರಾನ್ಸಿಸರು ಇದೇ ವಿಷಯವನ್ನು ಎತ್ತಿಕೊಂಡಿದ್ದಾರೆ. ಮಗು ಎಲ್ಲಿದೆ ಎಂದು ಸದಾ ಹಿಂಬಾಲಿಸುವ ಗೀಳು ಶಿಕ್ಷಣವಾಗಲಾರದು. ಮಗುವಿನ ಮನಸ್ಸು ಎಲ್ಲಿದೆ, ಅದರ ಗುರಿ, ನಂಬಿಕೆ, ಆಸೆಗಳು ಎಲ್ಲಿವೆ ಎಂದು ಅರಿಯುವುದೇ ಮುಖ್ಯ ಎಂಬುದು ಅವರ ಮಾತಿನ ಸಾರ. ಎದೆಯೆತ್ತರ ಬೆಳೆದ ಮಗನನ್ನು ಗೆಳೆಯನಂತೆ ಕಾಣಬೇಕೆಂದು ನಮ್ಮ ಹಿರಿಯರೂ ಹೇಳುತ್ತಿದ್ದರಲ್ಲವೇ?

ಹಾಗಾದರೆ ಏನು ಕೇಳಬೇಕು? "ಟೆಸ್ಟಿನಲ್ಲಿ ಎಷ್ಟು ಬಂತು?" ಎಂಬುದೇ ಪ್ರತಿ ಸಲದ ಮೊದಲ ಪ್ರಶ್ನೆಯಾದರೆ, ಅಂಕ ಕಡಿಮೆ ಬಂದ ವಾರ ಮಗು ಫೋನನ್ನೇ ಎತ್ತುವುದಿಲ್ಲ. "ಊಟ ಸೇರುತ್ತಿದೆಯಾ? ರೂಮಿನಲ್ಲಿರುವ ಹುಡುಗಿ ಯಾವ ಊರಿನವಳು? ಈ ವಾರ ಯಾವುದು ಕಷ್ಟವಾಯಿತು?" ಎಂದು ಕೇಳಿರಿ. ಮನೆಯ ಸುದ್ದಿಯನ್ನೂ ಹೇಳಿರಿ: ಹಸು ಕರು ಹಾಕಿದ್ದು, ವಾರ್ಡಿನ ಕೂಟಕ್ಕೆ ಯಾರು ಬಂದಿದ್ದರು, ಅಜ್ಜಿಯ ಮಂಡಿನೋವು. ತನ್ನ ಅಂಕಗಳಿಗೆ ಸಂಬಂಧವಿಲ್ಲದ ಮಾತಿಗೂ ಮನೆಯವರು ತನಗಾಗಿ ಸಮಯ ಕೊಡುತ್ತಾರೆಂದು ಮಗುವಿಗೆ ತಿಳಿಯಲಿ. ದಿನಕ್ಕೆ ನಾಲ್ಕು ಸಲ ಕರೆ ಮಾಡುವ ಬದಲು ಇಬ್ಬರಿಗೂ ಅನುಕೂಲವಾದ ಹೊತ್ತು ಗೊತ್ತುಮಾಡಿಕೊಂಡರೆ ಒಳ್ಳೆಯದು.

ಕೆಲವು ಗುರುತುಗಳನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿರಿ. ಮಾತು ದಿನೇ ದಿನೇ ಕಡಿಮೆಯಾಗುವುದು, ಹಗಲೆಲ್ಲ ಮಲಗಿರುವುದು, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, "ನನ್ನಿಂದ ಎಲ್ಲರಿಗೂ ಭಾರ" ಎನ್ನುವುದು. ಹೀಗಾದಾಗ ಉಪದೇಶ ಬೇಡ. ಬಸ್ಸು ಹತ್ತಿ ಹೋಗಿ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿರಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ಮದ್ದು ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ. ಜ್ವರಕ್ಕೆ ಪ್ರಾರ್ಥನೆಯನ್ನೂ ಮಾಡುತ್ತೇವೆ, ಮಾತ್ರೆಯನ್ನೂ ನುಂಗುತ್ತೇವೆ, ಇದೂ ಹಾಗೆಯೇ.

ರ‍್ಯಾಗಿಂಗ್ ವಿಷಯದಲ್ಲಿಯೂ ಮೌನ ಒಳ್ಳೆಯದಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಗಳ ಪ್ರಕಾರ ಪ್ರತಿ ಕಾಲೇಜಿನಲ್ಲೂ ಇದನ್ನು ತಡೆಯುವ ಸಮಿತಿ ಇರಬೇಕು. ದೂರು ಕೊಡಲು 1800-180-5522 ಎಂಬ ಉಚಿತ ಸಹಾಯವಾಣಿಯಿದೆ. "ಸ್ವಲ್ಪ ಸಹಿಸಿಕೋ, ಎಲ್ಲರಿಗೂ ಆಗುವುದೇ" ಎಂದು ಹೇಳಿ ಮಗುವಿನ ಬಾಯಿ ಮುಚ್ಚಿಸಬೇಡಿರಿ.

ಹಣದ ಮಾತು

ನಮ್ಮಲ್ಲಿ ಬಹಳ ಮನೆಗಳು ಸಾಲ ಮಾಡಿಯೇ ಓದಿಸುತ್ತವೆ. ಹೊರಡುವ ಮೊದಲು ಒಂದು ಸಂಜೆ ಮಗುವನ್ನು ಕೂರಿಸಿಕೊಂಡು ನಿಜವಾದ ಲೆಕ್ಕ ಹೇಳಿರಿ: ಫೀಸು ಎಷ್ಟು, ಹಾಸ್ಟೆಲಿಗೆ ಎಷ್ಟು, ತಿಂಗಳಿಗೆ ಕೈಖರ್ಚಿಗೆ ಎಷ್ಟು ಕೊಡಬಲ್ಲೆವು. ಬ್ಯಾಂಕಿನ ಶಿಕ್ಷಣ ಸಾಲವಾದರೆ ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷವಾದ ಮೇಲೆ ಕಂತು ಆರಂಭವಾಗುತ್ತದೆ; ಬಡ್ಡಿ ಮಾತ್ರ ಅದಕ್ಕೂ ಮೊದಲಿನಿಂದಲೇ ಬೆಳೆಯುತ್ತಿರುತ್ತದೆ. ಸಾಲದ ಕಾಗದದಲ್ಲಿ ಮಗುವೂ ಸಹಿ ಹಾಕುತ್ತದೆ, ಆದ್ದರಿಂದ ಅದರ ಅರ್ಥವೂ ತಿಳಿದಿರಲಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಇರುವ ವಿದ್ಯಾರ್ಥಿವೇತನ ಮತ್ತು ಸಾಲ ಯೋಜನೆಗಳನ್ನು ಜಿಲ್ಲೆಯ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ. ಕೊನೆಯ ದಿನಾಂಕ ದಾಟಿದರೆ ಪ್ರಯೋಜನವಿಲ್ಲ.

ಲೆಕ್ಕವನ್ನು ಒಮ್ಮೆ ಹೇಳಿದ ಮೇಲೆ ಅದನ್ನೇ ಚಾಟಿ ಮಾಡಿಕೊಳ್ಳಬೇಡಿರಿ. "ನಿನಗಾಗಿ ಒಡವೆ ಅಡವಿಟ್ಟೆವು" ಎಂದು ಪ್ರತಿ ಕರೆಯಲ್ಲೂ ಕೇಳುವ ಮಗುವಿಗೆ ತನ್ನ ಸೋಲು ಸಾಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಕ್ಕಳ ಮನಸ್ಸು ಕುಗ್ಗುವಂತೆ ಅವರನ್ನು ಕೆಣಕಬಾರದೆಂದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ತಂದೆಯರಿಗೆ ಹೇಳಿರುವುದು ಇಂಥ ಕಡೆ ನೆನಪಾಗಬೇಕು.

ವಿಶ್ವಾಸ ಮತ್ತು ಸಂತ ಮೋನಿಕಮ್ಮನವರ ಕಣ್ಣೀರು

"ಪೂಜೆಗೆ ಹೋದೆಯಾ?" ಎಂಬ ಪ್ರಶ್ನೆ ತಾಯಂದಿರ ಬಾಯಲ್ಲಿ ಬಂದೇ ಬರುತ್ತದೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಪೊಲೀಸರ ವಿಚಾರಣೆಯಂತೆ ಕೇಳಿದರೆ ಮಗು ಸುಳ್ಳು ಹೇಳಲು ಕಲಿಯುತ್ತದೆ. ಅದರ ಬದಲು ಸೇರಿಸಲು ಹೋದ ದಿನವೇ ಹಾಸ್ಟೆಲಿಗೆ ಹತ್ತಿರದ ಚರ್ಚು ಯಾವುದು, ಕನ್ನಡ ಪೂಜೆ ಎಷ್ಟು ಹೊತ್ತಿಗೆ ಎಂದು ಜೊತೆಯಾಗಿ ನೋಡಿಬನ್ನಿರಿ. ಅಲ್ಲಿನ ಧರ್ಮಗುರುಗಳಿಗೆ ಮಗುವನ್ನು ಪರಿಚಯಿಸಿರಿ. 1924ರಲ್ಲಿ ಆರಂಭವಾದ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟ, ಅಂದರೆ ಐಕಫ್, ಕಾಲೇಜು ವಿದ್ಯಾರ್ಥಿಗಳಿಗಾಗಿಯೇ ಇರುವ ಸಂಘಟನೆ. ತೊಬಿಯಾಸನಿಗೆ ಸಿಕ್ಕ ಜೊತೆಗಾರನಂಥವರು ಇಂಥ ಕಡೆ ಸಿಗಬಹುದು. ಅನ್ಯಧರ್ಮದ ಸಜ್ಜನ ಗೆಳೆಯರಲ್ಲಿಯೂ ಸಿಗಬಹುದು.

ಇಷ್ಟಾದರೂ ಮಗು ದಾರಿ ತಪ್ಪಿತೆಂದು ಅಳುವ ತಾಯಂದಿರಿದ್ದಾರೆ. ಅವರು ಸಂತ ಮೋನಿಕಮ್ಮನವರನ್ನು ನೆನೆಯಲಿ. 354ರಲ್ಲಿ ಉತ್ತರ ಆಫ್ರಿಕದ ತಗಸ್ತೆ ಎಂಬ ಊರಿನಲ್ಲಿ ಹುಟ್ಟಿದ ಅಗಸ್ಟೀನರ ಮನೆಯಲ್ಲೂ ಹಣದ ಅಡಚಣೆಯಿತ್ತು. ಮುಂದಿನ ಓದಿಗೆ ದುಡ್ಡು ಕೂಡುವ ತನಕ ಅವರು ಒಂದು ವರ್ಷ ಓದು ನಿಲ್ಲಿಸಿ ಮನೆಯಲ್ಲಿರಬೇಕಾಯಿತು. ಆಮೇಲೆ ಕಾರ್ತೇಜ್ ನಗರಕ್ಕೆ ಹೋದ ಹುಡುಗ ಓದಿನಲ್ಲಿ ಮೇಲೆ ಬಂದರೂ ಬಾಳಿನಲ್ಲಿ ಜಾರಿದರು. ಮಾನಿಕೇಯರೆಂಬ ಪಂಥವನ್ನು ಸೇರಿಕೊಂಡರು. ನೊಂದ ತಾಯಿ ಮೊದಲು ಮಗನೊಡನೆ ಒಂದೇ ಪಂಕ್ತಿಯಲ್ಲಿ ಊಟಮಾಡಲೂ ಒಪ್ಪಲಿಲ್ಲ. ಬಳಿಕ ಒಂದು ಕನಸಿನಲ್ಲಿ ಸಮಾಧಾನ ಪಡೆದು ಅವರನ್ನು ಮತ್ತೆ ಮನೆಗೂ ಊಟಕ್ಕೂ ಸೇರಿಸಿಕೊಂಡರು. ಮಗನಿಗೆ ಬುದ್ಧಿ ಹೇಳಿರೆಂದು ಒಬ್ಬ ಬಿಷಪರನ್ನು ಬೇಡಿದಾಗ, ಈಗ ವಾದಮಾಡಿ ಫಲವಿಲ್ಲ, ಅವನಿಗಾಗಿ ಪ್ರಾರ್ಥಿಸು, ಓದುತ್ತಾ ಹೋದಂತೆ ಅವನೇ ತಪ್ಪನ್ನು ಕಂಡುಕೊಳ್ಳುತ್ತಾನೆ ಎಂದು ಅವರು ಹೇಳಿದರು. ಅಗಸ್ಟೀನರು ಸಂತ ಅಂಬ್ರೋಸರಿಂದ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದದ್ದು 387ರಲ್ಲಿ, ಕಾರ್ತೇಜಿಗೆ ಹೋಗಿ ಸುಮಾರು ಹದಿನಾರು ವರ್ಷಗಳ ಮೇಲೆ. ಅದೇ ವರ್ಷ ತಾಯಿ ತೀರಿಕೊಂಡರು. ಅಷ್ಟು ವರ್ಷ ಆ ತಾಯಿ ಪ್ರಾರ್ಥನೆಯನ್ನೂ ಬಿಡಲಿಲ್ಲ, ಮಗನನ್ನೂ ಬಿಡಲಿಲ್ಲ.

ಹೊರಡುವ ಮುನ್ನ ಹೇಳಬೇಕಾದ ಮಾತು

ಬಸ್ ನಿಲ್ದಾಣದ ಗಡಿಬಿಡಿಯಲ್ಲಿ ಬೇಡ, ಹಿಂದಿನ ರಾತ್ರಿ ಜಪಸರ ಮುಗಿದ ಮೇಲೆ ಹೇಳಿರಿ: "ಮಗಳೇ, ಕಷ್ಟಪಟ್ಟು ಓದು. ಆದರೆ ಫೇಲಾದರೂ, ಹಣ ಕಳೆದರೂ, ತಪ್ಪು ಮಾಡಿದರೂ, ಈ ಕೋರ್ಸೇ ಬೇಡ ಅನ್ನಿಸಿದರೂ, ಮೊದಲು ನಮಗೆ ಹೇಳು. ನಮಗೆ ಕೋಪ ಬರಬಹುದು, ದುಃಖವಾಗಬಹುದು. ಬಾಗಿಲು ಮಾತ್ರ ಹಾಕುವುದಿಲ್ಲ." ಈ ಮಾತನ್ನು ತಾಯಿ ಒಬ್ಬರೇ ಹೇಳಿದರೆ ಸಾಲದು, ತಂದೆಯ ಬಾಯಿಂದಲೂ ಬರಬೇಕು.

ಹೇಳಿದ ಮೇಲೆ ನಡೆದುಕೊಳ್ಳುವುದು ಇನ್ನೂ ಕಷ್ಟ. ಫಲಿತಾಂಶದ ದಿನ ಅಳುತ್ತಾ ಫೋನು ಬಂದರೆ ಮೊದಲು, "ಹೇಳಿದ್ದು ಒಳ್ಳೆಯದಾಯಿತು" ಎನ್ನಿರಿ. ಎರಡನೆಯದಾಗಿ, "ಊಟ ಮಾಡಿದೆಯಾ?" ಎನ್ನಿರಿ. ಮುಂದೇನು ಮಾಡುವುದೆಂಬ ಮಾತು ಮಾರನೆಯ ದಿನಕ್ಕಿರಲಿ. ಪಕ್ಕದ ಮನೆಯವರ ಮಗನ ಅಂಕದ ಮಾತಂತೂ ಬೇಡವೇ ಬೇಡ.

ಮನೆಯಲ್ಲಿ ಚಿಂತಿಸಿರಿ

1. ನಮ್ಮ ಮಗು ಇತ್ತೀಚೆಗೆ ತಾನಾಗಿ ನಮಗೆ ಹೇಳಿದ ಕೆಟ್ಟ ಸುದ್ದಿ ಯಾವುದು? ಆಗ ನಾವು ಏನು ಹೇಳಿದೆವು?

2. ಈ ಕೋರ್ಸನ್ನು ಆರಿಸಿದವರು ಯಾರು, ಮಗುವೋ ನಾವೋ?

3. ನಮ್ಮ ಧರ್ಮಕೇಂದ್ರಕ್ಕೆ ಬೇರೆ ಊರಿನಿಂದ ಓದಲು ಬಂದಿರುವ ಮಕ್ಕಳು ಯಾರು? ಅವರಲ್ಲಿ ಒಬ್ಬರನ್ನಾದರೂ ಒಂದು ಭಾನುವಾರ ಊಟಕ್ಕೆ ಕರೆದಿದ್ದೇವೆಯೇ?

ಪ್ರಾರ್ಥನೆ

ಪ್ರಭುವೇ, ನೀವು ದೇವಾಲಯದಲ್ಲಿ ಉಳಿದಾಗ ನಿಮ್ಮ ಮಾತೆಯೂ ಸಂತ ಜೋಸೆಫರೂ ಮೂರು ದಿನ ಹುಡುಕಿ ಬಳಲಿದರು. ನೀವು ಕೊಟ್ಟ ಉತ್ತರ ಅವರಿಗೆ ಅರ್ಥವಾಗದಿದ್ದರೂ ನಿಮ್ಮನ್ನು ಜೊತೆಯಲ್ಲಿ ಮನೆಗೆ ಕರೆತಂದರು. ನಮ್ಮ ಮಕ್ಕಳ ಮಾತು ಅರ್ಥವಾಗದ ದಿನ ನಮಗೂ ಆ ತಾಳ್ಮೆಯನ್ನು ಕೊಡಿರಿ. ಅವರ ದಾರಿಗೆ ಒಳ್ಳೆಯ ಜೊತೆಗಾರರನ್ನು ಕಳುಹಿಸಿರಿ. ಆಮೆನ್.