ಕಸದ ಬುಟ್ಟಿ ಮತ್ತು ಕಾಯಿಲೆ

ಬೆಳಿಗ್ಗೆ ಕಸದ ಗಾಡಿ ಬಂದೊಡನೆ ಮನೆಯ ಕಸವನ್ನೆಲ್ಲ ಒಂದೇ ಕವರಿಗೆ ತುಂಬಿ, ಗಂಟು ಹಾಕಿ ಕೊಟ್ಟರೆ ತಮ್ಮ ಹೊಣೆ ಮುಗಿಯಿತೆಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಎಂದರೆ, ‘ಮತ್ತೆ ತೆರಿಗೆ ಕಟ್ಟುವುದು ಏತಕ್ಕೆ?’ ಎಂದು ಕೇಳುತ್ತಾರೆ. ಇದೆಲ್ಲ ದಂಡ ವಸೂಲಿಯ ಉಪಾಯ ಎಂದು ಗೊಣಗುವವರೂ ಉಂಟು. ಆದರೆ ಈ ನಿಯಮಗಳು ಹುಟ್ಟಿದ್ದಕ್ಕೂ ಕಾಯಿಲೆಗೂ ಹತ್ತಿರದ ಸಂಬಂಧವಿದೆ.

1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡು ಲಕ್ಷಾಂತರ ಜನ ಊರು ಬಿಟ್ಟದ್ದು ಹಿರಿಯ ಓದುಗರಿಗೆ ನೆನಪಿರಬಹುದು. ನಗರಗಳಲ್ಲಿ ಕೊಳೆಯುತ್ತಿದ್ದ ಕಸದ ರಾಶಿಗಳ ಕಡೆಗೆ ಇಡೀ ದೇಶದ ಗಮನ ಹರಿದದ್ದು ಆಗ. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ಅದರ ಬೆನ್ನಿಗೆ 2000ದಲ್ಲಿ ನಗರಗಳ ಘನತ್ಯಾಜ್ಯ ಕುರಿತ ನಿಯಮಗಳು ಬಂದವು. ಆದರೂ ಬೆಂಗಳೂರು ತನ್ನ ಕಸವನ್ನು ಸುತ್ತಲಿನ ಹಳ್ಳಿಗಳಲ್ಲಿ ಸುರಿಯುತ್ತಲೇ ಇತ್ತು. 2012ರಲ್ಲಿ ಗ್ರಾಮಸ್ಥರ ವಿರೋಧದ ನಡುವೆ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ನಗರದ ಬೀದಿಗಳೇ ತಿಪ್ಪೆಗಳಾದವು. 2014ರ ಕೊನೆಗೆ ಮಂಡೂರಿನಲ್ಲೂ ಸುರಿಯುವುದು ನಿಂತಿತು. ಮರುವರ್ಷ ಡಿಸೆಂಬರ್‌ನಲ್ಲಿ ರಾಜ್ಯ ಹೈಕೋರ್ಟ್ ಬೆಂಗಳೂರಿಗೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿ ಅಡುಗೆಮನೆಯ ಹಸಿ ಕಸಕ್ಕೆ, ಕೆಂಪು ಬುಟ್ಟಿ ಡಯಾಪರ್, ಸ್ಯಾನಿಟರಿ ಪ್ಯಾಡ್‌ನಂತಹವಕ್ಕೆ, ಚೀಲ ಒಣ ಕಸಕ್ಕೆ.

ಬೇರೆ ಮಾಡುವುದರಿಂದ ಆರೋಗ್ಯಕ್ಕೆ ಏನು ಲಾಭ? ನೊಣವನ್ನೇ ನೋಡಿ. ಕೊಳೆಯುವ ಅನ್ನ, ತರಕಾರಿ ಸಿಪ್ಪೆಯ ಮೇಲೆ ಅದು ಇಟ್ಟ ಮೊಟ್ಟೆ ನಮ್ಮ ಬೇಸಿಗೆಯಲ್ಲಿ ಒಂದೇ ದಿನದಲ್ಲಿ ಒಡೆದು ಮರಿಹುಳು ಹೊರಬರುತ್ತದೆ. 7ರಿಂದ 10 ದಿನಗಳಲ್ಲಿ ಅದು ಹಾರುವ ನೊಣ. ವಾಂತಿಭೇದಿ, ಆಮಶಂಕೆ, ವಿಷಮಶೀತ ಜ್ವರದ ರೋಗಾಣುಗಳನ್ನು ಕಾಲಿಗಂಟಿಸಿಕೊಂಡು ಅದು ನೇರವಾಗಿ ನಮ್ಮ ಊಟದ ತಟ್ಟೆಗೆ ಬರುತ್ತದೆ. ಹಸಿ ಕಸ ದಿನವೂ ಬೇರೆಯಾಗಿ ಹೊರಟುಹೋದರೆ ಈ ಸಂಸಾರ ಬೆಳೆಯುವುದಕ್ಕೆ ಎಡೆಯಿಲ್ಲ. ಮೂಲೆಯಲ್ಲಿ ಎಸೆದ ಮುಸುರೆಗೆ ಇಲಿ, ನಾಯಿಗಳೂ ಸೇರುತ್ತವೆ. ಇಲಿಯ ಮೂತ್ರ ಬೆರೆತ ಮಳೆನೀರಿನಿಂದ ಇಲಿಜ್ವರ ಬರುತ್ತದೆ. ನಾಯಿ ಕಡಿತದ ಮಾತು ಹೇಳಬೇಕಾಗಿಯೇ ಇಲ್ಲ. ಒಣ ಕಸವಾದರೂ ಮಳೆಗೆ ನೆನೆಯದಂತೆ ಇರಬೇಕು. ಡೆಂಗಿ ಸೊಳ್ಳೆಗೆ ಕೊಳಚೆ ಬೇಕಿಲ್ಲ, ಪ್ಲಾಸ್ಟಿಕ್ ಲೋಟದಲ್ಲೋ ಎಳನೀರು ಬುರುಡೆಯಲ್ಲೋ ನಿಂತ ತಿಳಿನೀರೇ ಸಾಕು.

ಇವೆಲ್ಲ ನಮಗೆ ತಗಲುವ ಕಾಯಿಲೆಗಳು. ನಮ್ಮ ಕಸವನ್ನು ಕೈಯಲ್ಲಿ ಹಿಡಿಯುವವರ ಗತಿ? ಕೆಲವು ವರ್ಷಗಳ ಹಿಂದೆ ಪೌರಕಾರ್ಮಿಕ ಮಹಿಳೆಯೊಬ್ಬರು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಅನ್ನ, ಸಾರು ಬೆರೆತ ಕವರನ್ನು ಬಿಚ್ಚುವಾಗ ಇನ್ಸುಲಿನ್ ಸೂಜಿ ಚುಚ್ಚಿತ್ತು. ಯಾವ ಮನೆಯದೆಂದು ಕೇಳಿದೆ. ‘ಹೆಂಗೆ ಹೇಳೋದು ಡಾಕ್ಟ್ರೇ, ಎಲ್ಲಾ ಕವರೂ ಒಂದೇ ತರ ಇರ್ತವೆ’ ಎಂದರು. ಹೆಪಟೈಟಿಸ್ ‘ಬಿ’ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರಬಲ್ಲದು. ಸೂಜಿ ಯಾರದೆಂದು ತಿಳಿಯದಿದ್ದುದರಿಂದ ಲಸಿಕೆ, ಔಷಧಿ, ಆರು ತಿಂಗಳವರೆಗೆ ಮತ್ತೆ ಮತ್ತೆ ರಕ್ತಪರೀಕ್ಷೆ. ಕೊನೆಗೆ ಏನೂ ಆಗಿಲ್ಲವೆಂದು ತಿಳಿಯಿತು. ಅಷ್ಟು ತಿಂಗಳೂ ಆಕೆ ತನ್ನ ತಟ್ಟೆ ಲೋಟಗಳನ್ನು ಬೇರೆ ಇಟ್ಟುಕೊಂಡು ಉಂಡಿದ್ದರು. ಹಾಗೆ ಮಾಡಬೇಕಿಲ್ಲ, ಒಟ್ಟಿಗೆ ಉಣ್ಣುವುದರಿಂದ ಈ ರೋಗ ಹರಡದು ಎಂದು ಹೇಳಿದರೂ ಭಯ ಬಿಡಲಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಹೇಳಿಕೊಡುವಷ್ಟು ಶ್ರದ್ಧೆಯಿಂದ ಸೂಜಿ ಎಸೆಯುವುದನ್ನು ಯಾರೂ ಹೇಳಿಕೊಡುವುದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳಲ್ಲೇ ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜು, ಅವಧಿ ಮುಗಿದ ಔಷಧಿ, ಒಡೆದ ಥರ್ಮಾಮೀಟರ್‌ಗಳನ್ನು ಅಪಾಯಕಾರಿ ಕಸವೆಂದು ಹೆಸರಿಸಿ ಬೇರೆ ಕೊಡಬೇಕೆಂದಿತ್ತು. ಮಾಡಬೇಕಾದದ್ದು ಇಷ್ಟೆ. ಫಿನಾಯಿಲ್ ಅಥವಾ ಬಟ್ಟೆ ಸೋಪಿನ ದ್ರಾವಣದ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಖಾಲಿಯಾದರೆ ಎಸೆಯಬೇಡಿ. ಬಳಸಿದ ಸೂಜಿಯನ್ನು ಕೂಡಲೇ ಅದರೊಳಗೆ ಹಾಕಿ. ಮುಕ್ಕಾಲು ಭಾಗ ತುಂಬಿದಾಗ ಮುಚ್ಚಳ ಬಿಗಿದು, ಅಂಟುಪಟ್ಟಿ ಸುತ್ತಿ, ಮೇಲೆ ‘ಸೂಜಿ’ ಎಂದು ದೊಡ್ಡದಾಗಿ ಬರೆದು ಕೈಗೆ ಕೊಡಿ, ಬಾಯಲ್ಲೂ ಹೇಳಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ. ಪ್ಯಾಡ್, ಡಯಾಪರ್‌ಗಳನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ. ಯಾರಿಗಾದರೂ ಸೂಜಿ ಚುಚ್ಚಿದರೆ ಗಾಯವನ್ನು ಹಿಂಡುವುದು, ಬಾಯಲ್ಲಿ ಚೀಪುವುದು ಬೇಡ. ಹರಿಯುವ ನೀರು, ಸೋಪಿನಿಂದ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಆರಂಭಿಸದಿದ್ದರೆ ಉಪಯೋಗವಿಲ್ಲ.

ಇನ್ನು ಹಸಿ ಕಸ. ಹಿಂದೆ ಮುಸುರೆ ಹಸುವಿಗೆ, ಉಳಿದದ್ದು ಹಿತ್ತಲ ತಿಪ್ಪೆಗೆ ಹೋಗುತ್ತಿತ್ತು. ಹಿತ್ತಲಿಲ್ಲದವರು ತೂತು ಮಾಡಿದ ಮಣ್ಣಿನ ಮಡಕೆಯಲ್ಲಿ ಗೊಬ್ಬರ ಮಾಡಿಕೊಳ್ಳಬಹುದು. ಒಂದು ಪದರ ಹಸಿ ಕಸ, ಅದರ ಮೇಲೆ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ, ಮೊದಲ ದಿನ ಒಂದಿಷ್ಟು ಹುಳಿ ಮಜ್ಜಿಗೆ. ವಾರಕ್ಕೆರಡು ಬಾರಿ ತಿರುವಿ ಹಾಕಿ. ದುರ್ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ ಎಂದರ್ಥ, ಒಣ ಎಲೆ ಸೇರಿಸಿದರೆ ಸರಿಹೋಗುತ್ತದೆ. ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ದೊಡ್ಡ ರಾಶಿಯಲ್ಲಿ 55 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾವು ಏರಿ ಕೆಲವು ದಿನ ನಿಲ್ಲುವುದರಿಂದ ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಮನೆಯ ಮಡಕೆಗೆ ಅಷ್ಟು ಕಾವು ಬರುವುದಿಲ್ಲ. ಆದ್ದರಿಂದ ನಾಯಿ ಬೆಕ್ಕಿನ ಮಲ, ಮಾಂಸ, ಮೀನಿನ ಚೂರುಗಳನ್ನು ಅದಕ್ಕೆ ಹಾಕಬಾರದು. ಕೈಗವಸು ಧರಿಸಿ ಕೆಲಸ ಮಾಡಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ಕಳೆದಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಿ. ಗೊಬ್ಬರ ತಿರುವುವಾಗ ಬೂಷ್ಟಿನ ಧೂಳು ಏಳುತ್ತದೆ. ಆಸ್ತಮಾ ಇರುವವರು ಆ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಲಿ. ಅವರು ಎಲೆ ಒಟ್ಟುವ ಕೆಲಸ ಮಾಡಬಹುದು, ಆ ಎಲೆಗೆ ಬೆಂಕಿ ಹಚ್ಚದಿದ್ದರೆ ಸರಿ.