ಲ್ಯಾಪ್‌ಟಾಪಿನ ಮನೆ, ಹೂಗ್ಯಂನ ಬಿಸಿಲು

ಪ್ರಶ್ನೆ: ಅಕ್ಕನ ಮಗ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾನೆ. ನಾವು ಕಟ್ಟಿಸಬೇಕೆಂದಿರುವ ಮನೆಯನ್ನು ಲ್ಯಾಪ್‌ಟಾಪಿನಲ್ಲೇ ಕಟ್ಟಿ ತೋರಿಸಿದ. ‘ಮಾವ, ಆರ್‌ಸಿಸಿ ಹಾಕಿದರೂ ಒಳಗೆ ತಣ್ಣಗಿರುತ್ತೆ, ಲೆಕ್ಕ ಮಾಡಿ ನೋಡಿದ್ದೀನಿ’ ಅನ್ನುತ್ತಾನೆ. ಅಪ್ಪನ ಕಾಲದ ಮಣ್ಣುಗೋಡೆ ಮನೆ ಕೆಡವಲೋ ಬೇಡವೋ?
– ರೈತರೊಬ್ಬರು, ಹೂಗ್ಯಂ

ಉತ್ತರ: ಹುಡುಗ ಸುಳ್ಳು ಹೇಳುತ್ತಿಲ್ಲ. ಆದರೆ ಲೆಕ್ಕಕ್ಕೆ ಯಾವ ಊರಿನ ಬಿಸಿಲು ಹಾಕಿದ್ದಾನೆ ಎಂದು ಕೇಳಿ. ಇಂಥ ಪ್ರೋಗ್ರಾಮುಗಳಿಗೆ ಒಂದು ವರ್ಷದ 8,760 ಗಂಟೆಗಳ ಹವಾಮಾನದ ಕಡತ ಬೇಕು. ವಿದ್ಯಾರ್ಥಿಗಳ ಕೈಗೆ ಸುಲಭವಾಗಿ ಸಿಗುವುದು ಬೆಂಗಳೂರಿನಂಥ ದೊಡ್ಡ ಊರಿನ ಕಡತ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿಯ ಏಪ್ರಿಲ್ ಬೇರೆ, ಹನೂರು ಸೀಮೆಯ ಏಪ್ರಿಲ್ ಬೇರೆ ಎಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ.

ಸೂರ್ಯನ ದಾರಿಯ ವಿಷಯದಲ್ಲಿ ಮಾತ್ರ ಆ ಲೆಕ್ಕವನ್ನು ಕಣ್ಣುಮುಚ್ಚಿ ನಂಬಿ. ನಿಮ್ಮೂರು ಹೆಚ್ಚುಕಡಿಮೆ 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 20ರ ಆಸುಪಾಸು ಒಮ್ಮೆ, ಆಗಸ್ಟ್ 20ರ ಆಸುಪಾಸು ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಎಂದರೆ ಬೇಸಿಗೆಯಲ್ಲಿ ನಡುಮಧ್ಯಾಹ್ನದ ಹೊಡೆತ ಪೂರ್ತಿ ಚಾವಣಿಗೆ. ಡಿಸೆಂಬರಿನಲ್ಲಿ ಅವನು ತೆಂಕಣಕ್ಕೆ ವಾಲಿ ಮಧ್ಯಾಹ್ನ 54 ಡಿಗ್ರಿಯ ಸುಮಾರಿಗೆ ನಿಲ್ಲುತ್ತಾನೆ. ಆಗ ಎರಡಡಿ ಚಾಚಿದ ಸೂರು ತೆಂಕಣ ಗೋಡೆಯ ಎರಡೂಮುಕ್ಕಾಲು ಅಡಿಗೆ ನೆರಳು ಕೊಡುತ್ತದೆ. ಪಡುವಣ ಗೋಡೆಗೆ ಸಂಜೆ ಅಡ್ಡಡ್ಡ ಬೀಳುವ ಬಿಸಿಲಿಗೆ ಸೂರು ಏನೂ ಮಾಡಲಾರದು, ಅಲ್ಲಿಗೆ ಮರವೇ ಬೇಕು. ಹುಣಸೆಯೋ ಬೇವೋ ಈಗ ಆ ಕಡೆ ಇದ್ದರೆ, ಸಿಮೆಂಟ್ ಲಾರಿ ಬರಲೆಂದು ಕಡಿಯಬೇಡಿ.

ಭಾರತೀಯ ವಿಜ್ಞಾನ ಸಂಸ್ಥೆಯ ಮೊಂಟೊ ಮಣಿ ಮತ್ತು ಸಂಗಡಿಗರು ಸುಗ್ಗನಹಳ್ಳಿ ಎಂಬ ಹಳ್ಳಿಯಲ್ಲಿ ಹಳೆಯ ಮನೆಗಳನ್ನೂ ಹೊಸ ರೀತಿಗೆ ಬದಲಾದ ಮನೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಅಭ್ಯಾಸ ಮಾಡಿದ್ದಾರೆ. ಅವರು ಬರಿಯ ಪರದೆಯನ್ನು ನಂಬಲಿಲ್ಲ, ಮನೆಯೊಳಗಿನ ಶಾಖವನ್ನು ಅಳೆದರು. ನೀವೂ ಅದನ್ನೇ ಮಾಡಿ. ಗೋಡೆಗೆ ನೇತುಹಾಕುವ ಥರ್ಮಾಮೀಟರ್ ಎರಡು ತನ್ನಿ. ಒಂದು ನಿಮ್ಮ ಮಣ್ಣುಗೋಡೆಯ ಮನೆಯಲ್ಲಿ, ಇನ್ನೊಂದು ಪಕ್ಕದ ಆರ್‌ಸಿಸಿ ಮನೆಯಲ್ಲಿ. ಏಪ್ರಿಲ್, ಮೇ ಎರಡು ತಿಂಗಳು ಮಧ್ಯಾಹ್ನ ಮೂರಕ್ಕೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ ಬರೆದಿಡಿ. ರಾತ್ರಿಯ ಅಂಕಿ ಬಹಳ ಮುಖ್ಯ, ಹಗಲೆಲ್ಲ ಕುಡಿದ ಶಾಖವನ್ನು ಆರ್‌ಸಿಸಿ ಮೋಲ್ಡ್ ನೀವು ಮಲಗುವ ಹೊತ್ತಿಗೇ ಕೆಳಕ್ಕೆ ಬಿಡುವುದು. ಆಮೇಲೆ ಅಳಿಯನಿಗೆ ಹೇಳಿ: ‘ಮೊದಲು ನಿಮ್ಮ ತಾತನ ಮನೆಯನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಪ್ಪಾ’. ಅವನ ಅಂಕಿ ನಿಮ್ಮ ಪುಸ್ತಕದ ಅಂಕಿಗೆ ಹೊಂದಿದರೆ ಹೊಸ ಮನೆಯ ಲೆಕ್ಕವನ್ನೂ ನಂಬಬಹುದು. ಅಲ್ಲಿಯವರೆಗೆ ಹಾರೆ ಎತ್ತಬೇಡಿ.

ಪ್ರಶ್ನೆ: ಎರಡು ಎಕರೆ ಇಳಿಜಾರು ಹೊಲ. ಬದು, ಕೃಷಿಹೊಂಡ ಎಲ್ಲಿ ಬರಬೇಕೆಂದು ಉಪಗ್ರಹದ ನಕ್ಷೆ ನೋಡಿ ಹೇಳಲಾಗದೇ?
– ಹನೂರು

ಉತ್ತರ: ಇಡೀ ಹಳ್ಳದ ನೀರು ಯಾವ ಕಡೆಯಿಂದ ಬರುತ್ತದೆ ಎಂದು ನೋಡಲು ಆ ನಕ್ಷೆ ಸೊಗಸು. ಇಸ್ರೋ 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1ರಲ್ಲಿ ಎರಡು ಕ್ಯಾಮೆರಾಗಳಿದ್ದವು, ನಮ್ಮ ಎರಡು ಕಣ್ಣಿನ ಹಾಗೆ. ಅದರಿಂದ ತಯಾರಾದ ಎತ್ತರದ ನಕ್ಷೆ ‘ಭುವನ್’ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಅದರ ಒಂದೊಂದು ಚೌಕವೂ 30 ಮೀಟರಿನದು. ನಮ್ಮ ಅಳತೆಯಲ್ಲಿ ಹತ್ತಿರಹತ್ತಿರ ಒಂಬತ್ತು ಗುಂಟೆಗೆ ಒಂದೇ ಎತ್ತರ! ನಿಮ್ಮ 80 ಗುಂಟೆಗೆ ಸಿಗುವುದು ಒಂಬತ್ತೇ ಅಂಕಿ. ಕಾಡಂಚಿನಲ್ಲಾದರೆ ಮರದ ತಲೆಯನ್ನೇ ನೆಲವೆಂದು ಬಗೆಯುವುದೂ ಉಂಟು. ಬದುವಿಗೆ ಗಾರೆಯವರ ನೀರು ತುಂಬಿದ ಪೈಪೇ ಸಾಕು. ಒಂದು ಜೋರು ಮಳೆಯಲ್ಲಿ ಗೋಣಿಕೊಪ್ಪೆ ಹಾಕಿಕೊಂಡು ಹೊಲ ಸುತ್ತಿ, ನೀರು ಹರಿದ ಕಡೆ ಗೂಟ ನೆಟ್ಟರೆ ಇನ್ನೂ ವಾಸಿ.

ಇನ್ನೊಂದು ಮಾತು: ‘ದಿಶಾಂಕ್’ ಆ್ಯಪಿನಲ್ಲಿ ಕಾಣುವ ಸರ್ವೆ ನಂಬರಿನ ಗೆರೆ ತಿಳಿವಳಿಕೆಗಷ್ಟೇ. ಅದನ್ನು ತೋರಿಸಿ ಪಕ್ಕದ ಹೊಲದವರ ಜೊತೆ ಜಗಳಕ್ಕೆ ನಿಲ್ಲಬೇಡಿ.

ಪ್ರಶ್ನೆ: ನಮ್ಮೂರಿನ, ಕಲ್ಲಿನ ಬಳೆಗಳಿರುವ ಬಳೆಮಂಟಪವನ್ನು ಮಕ್ಕಳಿಂದ ಮೊಬೈಲಿನಲ್ಲೇ ತ್ರೀಡಿ ಮಾಡಿಸಬಹುದೇ?
– ಶಿಕ್ಷಕಿ, ಯಳಂದೂರು

ಉತ್ತರ: ಖಂಡಿತ. ಹಂಪಿಯನ್ನು ಹೀಗೆ ದಾಖಲಿಸಲು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯಲ್ಲಿ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನವರೂ ದುಡಿದರು. ಮೋಡ ಮುಸುಕಿದ ದಿನ ಹೋಗಿ. ಒಂದು ಫೋಟೊದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರಲಿ. ಅಳತೆಪಟ್ಟಿಯೊಂದು ಚಿತ್ರದೊಳಗಿರಲಿ. ಕಲ್ಲಿನ ಬಳೆಗಳ ಒಳಮೈ ಮಾತ್ರ ಕ್ಯಾಮೆರಾಕ್ಕೆ ಸಿಕ್ಕುವುದಿಲ್ಲ, ಅದನ್ನು ಪೆನ್ಸಿಲಿನಲ್ಲಿ ಬರೆಸಿ.

ಪ್ರಶ್ನೆ: ನಮ್ಮ ಪೋಡಿಗೆ ಕಾಲೇಜಿನವರು ಬಂದು, ದೇವರ ಜಾಗಗಳನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳುತ್ತೇವೆ ಎನ್ನುತ್ತಾರೆ. ಬಿಡಬೇಕೇ? ಹಿರಿಯರಿಗೆ ಇಷ್ಟವಿಲ್ಲ.
– ಸೋಲಿಗ ಯುವಕ, ಮಲೆ ಮಹದೇಶ್ವರ ಬೆಟ್ಟದ ಕಡೆಯಿಂದ

ಉತ್ತರ: ನಿಮಗೆ ಹತ್ತಿರದ ಉದಾಹರಣೆ ಬಿಳಿಗಿರಿರಂಗನಬೆಟ್ಟದಲ್ಲೇ ಇದೆ. ಅಲ್ಲಿಯ ಸೋಲಿಗರು ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯ ಜೊತೆ ಕಾಡು ಸುತ್ತಿ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂಬ ಐದು ಬಗೆಯ ನೂರಾರು ತಾಣಗಳನ್ನು ಕುಲದ ಎಲ್ಲೆಗಳ ಸಮೇತ ನಕ್ಷೆಗೆ ತಂದರು. ಅದರಲ್ಲಿ ದುಡಿದ ಸಿ. ಮಾದೇಗೌಡರು ಸೋಲಿಗರೇ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿಯ ಹಲವು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಯಾನ್ ಮ್ಯಾಕ್‌ಹಾರ್ಗ್ 1969ರ ತನ್ನ ಪುಸ್ತಕದಲ್ಲಿ ಮಣ್ಣು, ನೀರು, ಕಾಡಿನ ನಕ್ಷೆಗಳನ್ನು ಪಾರದರ್ಶಕ ಹಾಳೆಗಳಲ್ಲಿ ಬರೆದು ಒಂದರ ಮೇಲೊಂದು ಇಟ್ಟು ನೋಡುವ ಉಪಾಯ ತೋರಿಸಿದ. ಇಂದಿನ ಕಂಪ್ಯೂಟರ್ ನಕ್ಷೆಗಳು ಮಾಡುವುದೂ ಅದನ್ನೇ. ಆದರೆ ಮಾರಮ್ಮನ ಹಾಳೆ ಯಾವ ಉಪಗ್ರಹದಿಂದಲೂ ಇಳಿಯುವುದಿಲ್ಲ. ಆಕಾಶದಿಂದ ನೋಡಿದರೆ ಮಾರಮ್ಮನ ತಾಣವೂ ಬರಿಯ ಹಸಿರು. ಆ ಹಾಳೆ ಇರುವುದು ನಿಮ್ಮ ಅಜ್ಜಂದಿರ ಕಾಲಿನಲ್ಲಿ, ಬಾಯಿಯಲ್ಲಿ.

ಹಾಗಾಗಿ ಹಿರಿಯರ ಅಂಜಿಕೆಯನ್ನು ನಾನು ತಳ್ಳಿಹಾಕಲಾರೆ. ಗುರುತು ಬೇಕೋ ಬೇಡವೋ ಎಂಬುದು ಗ್ರಾಮಸಭೆಯಲ್ಲಿ ತೀರ್ಮಾನವಾಗಲಿ. ಗುಟ್ಟಾಗಿ ಇರಬೇಕಾದ ಜಾಗ ನಕ್ಷೆಗೆ ಬರುವುದೇ ಬೇಡ. ಹೆಸರುಗಳನ್ನು ನೀವು ಆಡುವಂತೆಯೇ ಬರೆಸಿ, ಪಟ್ಟಣದವರ ಕಿವಿಗೆ ಕೇಳಿದಂತಲ್ಲ. ದಟ್ಟ ಮರದಡಿ ಜಿಪಿಎಸ್ ಹತ್ತಿಪ್ಪತ್ತು ಹೆಜ್ಜೆ ತಪ್ಪುತ್ತದೆ, ಆದ್ದರಿಂದ ಪಕ್ಕದ ಬಂಡೆ, ಮರ, ತೊರೆಯನ್ನೂ ಬರೆಸಿಕೊಳ್ಳಿ. ನಕ್ಷೆಯ ಒಂದು ಕಾಗದದ ಪ್ರತಿಯನ್ನು ಪೋಡಿಗೆ ಕೊಟ್ಟೇ ಅವರು ಜೀಪು ಹತ್ತಬೇಕು. ಅದಕ್ಕೆ ಲ್ಯಾಮಿನೇಷನ್ ಮಾಡಿಸಿಡಿ, ಗೆದ್ದಲಿನ ಕಾಟ ನಿಮಗೇ ಗೊತ್ತಲ್ಲ.