ಟಬಾಸ್ಕೋ ಎಂಬ ಮೆಣಸಿನಕಾಯಿಯ ಸಾಸು
(ಗೃಹಕೃತ್ಯದ ಒಂದು ಪಾಠ)

ಮೆಣಸಿನಕಾಯಿಯು ಅನಾದಿಯಿಂದ ನಮ್ಮ ದೇಶದ್ದೆಂದು ಅನೇಕರು ಎಣಿಸಿರುವರು. ಆದರೆ ಅದರ ತವರು ಅಮೇರಿಕಾ ಖಂಡ. 16ನೆಯ ಶತಮಾನದಲ್ಲಿ ಪೋರ್ತುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅದಕ್ಕೆ ಮುಂಚೆ ಖಾರಕ್ಕೆ ನಮಗಿದ್ದುದು ಕಾಳುಮೆಣಸು. ಆದುದರಿಂದಲೇ ಹೊಸ ಕಾಯಿಗೆ ಮೆಣಸಿನಕಾಯಿ ಎಂಬ ಹೆಸರಾಯಿತು. ನಾವು ಅದನ್ನು ಒಣಗಿಸಿ ಇಡುವೆವು. ಅದನ್ನೇ ಹುಳಿಯಿಸಿ ರಸವಾಗಿ ಇಡುವ ಕ್ರಮಕ್ಕೆ ಟಬಾಸ್ಕೋ ಸಾಸು ಒಳ್ಳೆಯ ನಿದರ್ಶನವಾಗಿದೆ.

ಟಬಾಸ್ಕೋ ಎಂಬುದು ಮೆಕ್ಸಿಕೋ ದೇಶದ ಒಂದು ಪ್ರಾಂತ್ಯದ ಹೆಸರು. ಸಾಸು ಹುಟ್ಟಿದುದಾದರೋ ಅಮೇರಿಕಾ ಸಂಯುಕ್ತ ಸಂಸ್ಥಾನದ ಲೂಯಿಸಿಯಾನಾದಲ್ಲಿರುವ ಏವರಿ ದ್ವೀಪದಲ್ಲಿ. ನ್ಯೂ ಆರ್ಲಿಯನ್ಸ್ ಪಟ್ಟಣದ ಬ್ಯಾಂಕುದಾರರಾದ ಎಡ್ಮಂಡ್ ಮೆಕ್‌ಇಲ್ಹೆನಿಯವರು 1861ರಿಂದ 1865ರ ವರೆಗಿನ ಅಂತರ್ಯುದ್ಧದಲ್ಲಿ ತಮ್ಮ ಸಂಪತ್ತನ್ನು ಕಳೆದುಕೊಂಡು, ಪತ್ನಿಯ ತವರಾದ ಈ ದ್ವೀಪದಲ್ಲಿ ನೆಲೆಸಿದರು. ಗುಲಾಮರ ಬೆವರಿನಿಂದ ನಡೆದಿದ್ದ ಅಲ್ಲಿಯ ಕಬ್ಬಿನ ತೋಟವೂ ಯುದ್ಧದಿಂದ ಕೆಟ್ಟಿತ್ತು. ಆಗ ಅವರ ಕೈಹಿಡಿದುವು ಮೆಣಸಿನ ಗಿಡ, ನೆಲದಡಿಯ ಕಲ್ಲುಪ್ಪು, ಇವೆರಡೇ. 1868ರಲ್ಲಿ ಮಾರಾಟಕ್ಕಾಗಿ ಮೊದಲ ಬೆಳೆ ತೆಗೆದು, 1869ರಲ್ಲಿ ಸಾಸನ್ನು ಮಾರಿ, 1870ರಲ್ಲಿ ಪೇಟೆಂಟನ್ನು ಪಡೆದರು.

ಇದನ್ನು ಮಾಡುವ ಕ್ರಮವು ಹೀಗಿದೆ. ಕಾಯಿ ಹಣ್ಣಾಯಿತೇ ಎಂಬುದನ್ನು ಕೆಂಪು ಬಳಿದ ಚಿಕ್ಕ ಕೋಲಿನೊಡನೆ ಹೋಲಿಸಿ ನೋಡಿ ಕೀಳುವರು. ಉಪ್ಪು ಬೆರೆಸಿ ಅರೆದು ಓಕ್ ಮರದ ಪೀಪಾಯಿಗಳಲ್ಲಿ ತುಂಬಿ, ಮುಚ್ಚಳದ ಮೇಲೆ ಉಪ್ಪನ್ನು ಹರಡುವರು. ಈಗಿನ ಪದ್ಧತಿಯಲ್ಲಿ ಇದನ್ನು ಮೂರು ವರ್ಷದ ವರೆಗೆ ಇಡುವರು. ಉಪ್ಪು ಕೊಳೆಯುವಿಕೆಯನ್ನು ತಡೆದರೂ ಹುಳಿಯುವಿಕೆಗೆ ಎಡೆಗೊಡುವುದು. ಬಳಿಕ ವಿನೆಗರ್ ಸೇರಿಸಿ ಕೆಲವು ವಾರ ಕದಡಿ, ಸಿಪ್ಪೆ ಬೀಜಗಳನ್ನು ಸೋಸಿ ಸೀಸೆಗೆ ತುಂಬುವರು.

ಅಲ್ಲಿಯವರು ಇದನ್ನು ಸಮುದ್ರದ ಸಿಂಪಿ, ಮೊಟ್ಟೆ, ಸೂಪು ಮುಂತಾದುವುಗಳ ಮೇಲೆ ಹಾಕುವರು. ನಮ್ಮ ಮನೆಗಳಲ್ಲಿ ಮೀನಿನ ಸಾರಿಗೂ ಬೇಯಿಸಿದ ಬೇಳೆಗೂ ಒಪ್ಪುವುದು. ಇದರಲ್ಲಿ ಉಪ್ಪು, ಹುಳಿ, ಖಾರ ಮೂರೂ ಇರುವುದರಿಂದ ಅಡಿಗೆಗೆ ಉಪ್ಪನ್ನು ಮೊದಲೇ ತುಸು ಕಡಿಮೆ ಹಾಕತಕ್ಕದ್ದು. ಒಲೆಯಿಂದ ಇಳಿಸಿದ ಮೇಲೆ ಎರಡು ಮೂರು ತೊಟ್ಟು ಸಾಕು. ಮಗುವಿಗೆ ಖಾರ ಹತ್ತಿದರೆ ನೀರು ಕೊಡುವುದು ನಮ್ಮ ವಾಡಿಕೆ. ಆದರೆ ಖಾರದ ಸತ್ವವಾದ ಕ್ಯಾಪ್ಸೇಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುವುದು. ಹಾಲನ್ನಾಗಲಿ ಮೊಸರನ್ನಾಗಲಿ ಕೊಡಿರಿ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿಯೂ ಕೆಲವರು ಸಿರಿ ಕಳೆದ ಮನೆಗಳನ್ನು ಹೊಸದಾಗಿ ಕಟ್ಟಬೇಕಾಗಿ ಬಂದೀತು. ಆಗ ಹೋದುದನ್ನು ಎಣಿಸುತ್ತ ಕೂಡದೆ, ಹಿತ್ತಿಲಲ್ಲಿ ಏನು ಉಳಿದಿದೆ ಎಂಬುದನ್ನು ಮೊದಲು ನೋಡಿರಿ.